ಬೈ

ಸ್ಕೋರು ಪುಸ್ತಕದ ತಳದಲ್ಲಿ ಒಂದು ಸಣ್ಣ ಮನೆಯಿದೆ,
ವೈಡು, ನೋಬಾಲುಗಳ ನೆರೆಯಲ್ಲಿ.
ಹೆಸರು ಬೈ.
ಅದು ಖಾಲಿಯಿದ್ದರೆ
ಆ ದಿನ ನಾನು ಚೆನ್ನಾಗಿ ಆಡಿದ್ದೇನೆ ಎಂದು ಅರ್ಥ.
ಖಾಲಿ ಮನೆಯ ಬಾಗಿಲು ಯಾರು ತಟ್ಟುತ್ತಾರೆ?

ಹುಟ್ಟಿದಾಗ ಕೈಗೆ ಹರಳುಕಡ್ಡಿಯ ಬಿಲ್ಲು ಕೊಟ್ಟರಂತೆ,
ನಡೆಯಲು ಕಲಿತಾಗ ಹಾಕಿ ಸ್ಟಿಕ್ಕು.
ಒಕ್ಕದ ತಂಡದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅವರ ಮಕ್ಕಳೆಲ್ಲ
ಗೋಲು ಹೊಡೆಯಲು ಮುಂದಕ್ಕೆ ಓಡಿದರೆ
ಹಿಂದೆ ಉಳಿಯುತ್ತಿದ್ದವನು ನಾನು, ಕಾಲಿಗೆ ಪ್ಯಾಡು ಕಟ್ಟಿಕೊಂಡು.
ಅದನ್ನು ನೋಡಿದ ಡ್ರಿಲ್ ಮೇಷ್ಟ್ರು ಪಿಂಟೋ
ಬೆವರು ಒಣಗಿ ಹಪ್ಪಳವಾದ ಗ್ಲೌಸು ಎಸೆದು
"ಕೂರು" ಅಂದರು, ಸ್ಟಂಪಿನ ಹಿಂದೆ.
ಕೂತೆ.
ಹತ್ತೊಂಬತ್ತು ವರ್ಷ.

"ನಮ್ಮ ಮುದ್ದಯ್ಯ ಹಾಕಿ ಬಿಟ್ಟು
ಕೂತು ಆಡುವ ಆಟ ಹಿಡಿದಿದ್ದಾನೆ" ಎಂದು
ಮದುವೆಮನೆಗಳಲ್ಲಿ ನಗು.

ರಾಜ್ಯಕ್ಕೆ ಆಡಿದ್ದು ಏಳು ಪಂದ್ಯ.
ಮಿಕ್ಕ ನಾಲ್ಕು ಸೀಸನ್ನು ಎರಡನೆಯ ಕೀಪರು.
ನೀರಿನ ಬಾಟಲಿ ಹಿಡಿದು ಮೈದಾನದೊಳಕ್ಕೆ ಓಡಿದ ದೂರವನ್ನೆಲ್ಲ ಕೂಡಿಸಿದರೆ
ಅಮ್ಮತ್ತಿಯಿಂದ ಕುಟ್ಟ ತಲುಪಿ
ಚಹಾ ಕುಡಿದು ವಾಪಸು ಬರಬಹುದಿತ್ತು.

ನನ್ನ ಬೆರಳು ನೋಡಿ, ಮಡಿಕೇರಿ ಘಾಟಿಯ ರಸ್ತೆ.
ಈ ತಿರುವು ಶಿವಮೊಗ್ಗ. ಇದು ರಾಜಕೋಟೆ.
ಉಂಗುರ ಏರದ ಈ ಬೆರಳು ಏಳನೆಯ ಪಂದ್ಯದ್ದು:
ನಾಲ್ಕನೆಯ ದಿನ, ಬೌಲರನ ಹೆಜ್ಜೆ ಅಗೆದ ಮಣ್ಣಿಗೆ ಬಿದ್ದ ಚೆಂಡು
ನಾಗರದಂತೆ ಎದ್ದಿತು.
ಬೆರಳು ಬೇರೆಯದೇ ದಿಕ್ಕು ನೋಡಿತು.
ಟೇಪು ಸುತ್ತಿ ಇನ್ನೂ ಹನ್ನೊಂದು ಓವರು ಕೂತೆ.
ಆ ಮನೆಯಲ್ಲಿ ಅವತ್ತೂ ಸೊನ್ನೆ.
ಮರುದಿನದ ಪೇಪರಿನಲ್ಲಿ ಬೌಲರನ ಫೋಟೋ,
ಹಿಂದೆ ಮಸುಕಾಗಿ
ನನ್ನದೊಂದು ಮೊಣಕೈ.

ಈಗ ಅಮ್ಮತ್ತಿ ಶಾಲೆಯ ಮೈದಾನ, ಬೆಳಿಗ್ಗೆ ಆರು.
ಇಪ್ಪತ್ಮೂರು ಮಕ್ಕಳು.
ಮ್ಯಾಟು ಹಾಸುವ ಮೊದಲು ನೆಲ ನೋಡಬೇಕು;
ರಾತ್ರಿ ಆನೆ ದಾಟಿದ್ದರೆ
ಸರಿಯಾಗಿ ಗುಡ್ ಲೆಂತಿನಲ್ಲೇ ಒಂದು ಗುಂಡಿ.
(ನಮ್ಮ ಬೌಲರುಗಳಿಗಿಂತ ಆನೆಯ ಲೆಂತು ವಾಸಿ.)
ಮಣ್ಣು ತುಂಬಿ, ದಮ್ಮಸು ಹಾಕಿ, ನೀರು ಚಿಮುಕಿಸಿ
ಆಮೇಲೆ ಆಟ.
ಕಾಫಿ ಹೂ ಬಿಟ್ಟ ವಾರ ಇನ್ನೊಂದು ಕಾನೂನು:
ಸಿಕ್ಸರು ಹೊಡೆದವನು ಔಟು.
ಚೆಂಡು ಹುಡುಕಲು ತೋಟಕ್ಕೆ ನುಗ್ಗಿದರೆ ಉದುರುವುದು
ಪಕ್ಕದ ಮನೆಯವರ ವರ್ಷದ ಸಂಪಾದನೆ.

ಕೋಚು ಎಂದರೆ ಬೈಯುವವನು, ಮಕ್ಕಳ ಲೆಕ್ಕದಲ್ಲಿ.
ಲೆಕ್ಕ ಇಡುವವಳು ಜಸೀಲಾ,
ಅಪ್ಪನ ಮೀನಿನಂಗಡಿಯ ಉದ್ದ ಪುಸ್ತಕದಲ್ಲಿ,
ಮತ್ತಿ, ಬಂಗುಡೆಗಳ ಸಾಲದ ಹಿಂದಿನ ಪುಟಗಳಲ್ಲಿ:
ಸೋಮವಾರ ಬೈ ಹದಿನಾಲ್ಕು. ಮಂಗಳವಾರ ಬೈ ಒಂಬತ್ತು.
ಗುರುವಾರ ಸಾರಿಗೆ ಜ್ವರ, ಬೈ ಇಲ್ಲ.

ಕೀಪರು ಆಗಬೇಕು ಅಂದವಳೂ ಅವಳೇ.
"ಯಾಕೆ?"
"ಎಲ್ಲರ ಮುಖ ಕಾಣಿಸುತ್ತದೆ ಸಾರ್."
ಹತ್ತೊಂಬತ್ತು ವರ್ಷ ಕೂತಿದ್ದೆ,
ನನಗೆ ಹೊಳೆದಿರಲಿಲ್ಲ.

ಮಂಡಿ ಈಗ ಮಡಚುವುದಿಲ್ಲ.
ಅವಳ ಹಿಂದೆ ಕುರ್ಚಿ ಹಾಕಿಸಿಕೊಂಡು ಅದನ್ನೇ ಹೇಳುತ್ತೇನೆ:
ಚೆಂಡು ಎದ್ದ ಮೇಲೆ ಏಳು, ಕುಂಞಿ,
ಚೆಂಡಿನ ಜೊತೆಗೇ ಏಳು,
ಮೊದಲೇ ಏಳಬೇಡ.
ಕೆಲವು ಸಲ ಗ್ಲೌಸಿಗೆ ಚೆಂಡು ಬೀಳುವ ಸದ್ದು
ಎಷ್ಟು ಮೆತ್ತಗಿರುತ್ತದೆಂದರೆ
ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ.

ಭಾನುವಾರ ಗೋಣಿಕೊಪ್ಪದವರು ಬಂದಿದ್ದರು.
ಸೋತೆವು, ಹದಿನಾರು ರನ್ನಿಗೆ.
ಮ್ಯಾಟು ಸುತ್ತುವಾಗ ಸ್ಕೋರು ಪುಸ್ತಕ ತಂದಳು,
ಆ ಸಣ್ಣ ಮನೆಯ ಮೇಲೆ ಬೆರಳಿಟ್ಟು.
ಎರಡು.
ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ
"ಒಂದು ನನ್ನದು ಸಾರ್," ಅಂದಳು,
"ಇನ್ನೊಂದು ಆನೆಯದು."